ಒಂದೇ ಎಳೆ, ಹಲವು ಬಣ್ಣ: ಅಗ್ಗದ ಲೇಸರ್ ಮತ್ತು ನಮ್ಮ ಮಕ್ಕಳ ಕನ್ನಡ

(ಕರಜಗಿಯಲ್ಲಿ ಕನ್ನಡ ಮಾಧ್ಯಮ ಶಾಲೆಯ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಪ್ರವೇಶದ ದಿನಗಳು ಹತ್ತಿರ ಬಂದ ಹಾಗೆ ನೀವು ನಮ್ಮನ್ನು ಕೇಳುವ ಪ್ರಶ್ನೆ ಒಂದೇ. "ಗುರುಗಳೇ, ಕತಿ, ಪದ್ಯ, ಇತಿಹಾಸ ಕನ್ನಡದಾಗ ಕಲಿತರ ನಡೀತದ. ಈಗಿನ ವಿಜ್ಞಾನ, ಇಂಟರ್ನೆಟ್ಟು, ಇವೆಲ್ಲ ಕನ್ನಡದಾಗ ತಿಳೀತಾವೇನ್ರಿ?" ಇದು ನ್ಯಾಯವಾದ ಪ್ರಶ್ನೆ. ಮಗುವಿನ ಬಾಳುವೆಯೇ ಇದರ ಮೇಲೆ ನಿಂತಿದೆ. ಇದಕ್ಕೆ ನಾವು ಬಹಳ ಸಲ ಹಕ್ಕಿನ ಮಾತಿನಿಂದ ಉತ್ತರ ಕೊಡುತ್ತೇವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ ಅದು ಸೇರಿತು. ಉತ್ತರವೇನೋ ಸರಿ. ಆದರೆ ಹಕ್ಕು ಇದ್ದ ಮಾತ್ರಕ್ಕೆ ವಿಷಯ ತಲೆಗೆ ಹತ್ತುತ್ತದೆಯೇ ಎಂಬ ನಿಮ್ಮ ಸಂಶಯ ಹಾಗೆಯೇ ಉಳಿಯುತ್ತದೆ.

ಅದಕ್ಕಾಗಿ ಇಂದು ಬೇಕೆಂದೇ ಒಂದು ಗಟ್ಟಿ ವಿಷಯ ಆಯ್ದುಕೊಂಡಿದ್ದೇನೆ. ಒಂದೇ ಗಾಜಿನ ಎಳೆಯೊಳಗೆ ಹಲವು ಬಣ್ಣದ ಬೆಳಕನ್ನು ಕಳಿಸುವ ಸಂಪರ್ಕ ವ್ಯವಸ್ಥೆಗೆ ಬೇಕಾದ ಅರೆವಾಹಕ ಲೇಸರನ್ನು ಅಗ್ಗವಾಗಿ ಮಾಡುವುದು ಹೇಗೆ ಎಂಬುದೇ ಆ ವಿಷಯ. ಇಂಜಿನಿಯರಿಂಗ್ ಕಾಲೇಜಿನವರು ಕೊನೆಯ ವರ್ಷಕ್ಕೆ ಓದುವಂಥದು. ನಾನು ಕನ್ನಡದಲ್ಲಿ ಹೇಳುತ್ತೇನೆ. ತಿಳಿಯಿತೋ ಇಲ್ಲವೋ ಕೊನೆಗೆ ನೀವೇ ಹೇಳಿರಿ.

ರಸ್ತೆಯ ಬದಿಗೆ ತಗ್ಗು ತೋಡಿ ಕೇಬಲ್ ಹೂಳುವುದನ್ನು ನೀವೆಲ್ಲ ನೋಡಿದ್ದೀರಿ. ಅದರೊಳಗೆ ಇರುವುದು ತಾಮ್ರದ ತಂತಿಯಲ್ಲ, ಗಾಜಿನ ಎಳೆ. ಎಳೆ ಕೂದಲಿನಷ್ಟು ತೆಳು. ಬೆಳಕು ಓಡಾಡುವ ನಡುವಿನ ತಿರುಳು ಇನ್ನೂ ತೆಳು, ಸುಮಾರು 9 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್ ಎಂದು ಲೆಕ್ಕ ಹಾಕಿಕೊಳ್ಳಿರಿ. ಬೆಳಕು ಈ ತಿರುಳಿನಿಂದ ಹೊರಗೆ ಸೋರದೆ ಒಳಗೊಳಗೇ ಪುಟಿಯುತ್ತ ಹೋಗುತ್ತದೆ. ಇದಕ್ಕೆ ಸಂಪೂರ್ಣ ಆಂತರಿಕ ಪ್ರತಿಫಲನ ಎನ್ನುತ್ತಾರೆ. ನಿಮ್ಮ ಮಕ್ಕಳಿಗೆ ಈ ಶಬ್ದ ಬರುತ್ತದೆ, ಕೇಳಿ ನೋಡಿರಿ. ಗಾಜಿನ ಎಳೆಗಳ ಕಟ್ಟಿನೊಳಗಿಂದ ಚಿತ್ರ ಕಳಿಸಿ 1954ರಲ್ಲಿ ತೋರಿಸಿದವರಲ್ಲಿ ಒಬ್ಬರು ಪಂಜಾಬದ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ. ಆದರೆ ಆ ಕಾಲದ ಗಾಜಿನಲ್ಲಿ ಬೆಳಕು ಕೆಲವೇ ಮೀಟರಿಗೆ ಸತ್ತುಹೋಗುತ್ತಿತ್ತು. ತಪ್ಪು ಗಾಜಿನದಲ್ಲ, ಗಾಜಿನೊಳಗಿನ ಕಲ್ಮಷದ್ದು ಎಂದು 1966ರಲ್ಲಿ ಹೇಳಿದವರು ಚಾರ್ಲ್ಸ್ ಕಾವ್. ಒಂದು ಕಿಲೋಮೀಟರ್ ಹೋದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು, ಟೆಲಿಫೋನಿಗೆ ನಡೆಯುತ್ತದೆ ಎಂಬುದು ಅವರ ಲೆಕ್ಕ. 1970ರಲ್ಲಿ ಅಮೇರಿಕದ ಕಾರ್ನಿಂಗ್ ಕಂಪನಿ ಅದಕ್ಕಿಂತ ಚೊಕ್ಕ ಗಾಜನ್ನು ಮಾಡಿತು. ಇಂದಿನ ಎಳೆಯಲ್ಲಿ 15 ಕಿಲೋಮೀಟರ್ ಹೋದ ಮೇಲೂ ಅರ್ಧ ಬೆಳಕು ಉಳಿದಿರುತ್ತದೆ. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂದಿತು, ನಲವತ್ತಮೂರು ವರ್ಷ ತಡವಾಗಿ.

ಇನ್ನು ಈ ಎಳೆಗೆ ಬೆಳಕು ತುಂಬುವವನು ಯಾರು? ಬ್ಯಾಟರಿ ದೀಪದ ಬೆಳಕು ನಡೆಯುವುದಿಲ್ಲ. ಅದು ಜಾತ್ರೆ ಬಿಟ್ಟ ಮೇಲಿನ ಮಂದಿಯ ಹಾಗೆ. ಒಬ್ಬ ಇತ್ತ, ಒಬ್ಬ ಅತ್ತ. ಲೇಸರ್ ಬೆಳಕು ನಮ್ಮ ಶಾಲೆಯ ಮಕ್ಕಳು ಲೇಜಿಮ್ ಆಡಿದ ಹಾಗೆ; ಎಲ್ಲರ ಹೆಜ್ಜೆ ಒಂದೇ, ಎಲ್ಲರ ಮುಖ ಒಂದೇ ದಿಕ್ಕಿಗೆ, ಎಲ್ಲರ ಅಂಗಿ ಒಂದೇ ಬಣ್ಣ. ಒಂದು ಬೆಳಕಿನ ಕಣ ಶಕ್ತಿ ತುಂಬಿಕೊಂಡು ನಿಂತ ಪರಮಾಣುವಿನ ಬದಿಯಿಂದ ಹಾಯ್ದರೆ, ಆ ಪರಮಾಣು ತನ್ನಂಥದೇ ಇನ್ನೊಂದು ಕಣವನ್ನು ಅದರ ಹೆಜ್ಜೆಗೆ ಹೆಜ್ಜೆ ಕೂಡಿಸಿ ಹೊರಗೆ ಬಿಡುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕು. ಇದನ್ನು 1917ರಲ್ಲಿಯೇ ಐನ್‌ಸ್ಟೈನ್ ಕಾಗದದ ಮೇಲೆ ತೋರಿಸಿದ್ದರು. ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ, ಮಾಣಿಕ್ಯದ ಹರಳಿನಿಂದ.

ಅರೆವಾಹಕ ಲೇಸರ್ ಎಂದರೆ ಒಂದು ಚಿಕ್ಕ ಹರಳು. ಅದರ ಒಂದು ಬದಿಗೆ ಇಲೆಕ್ಟ್ರಾನುಗಳು ಹೆಚ್ಚು, ಇನ್ನೊಂದು ಬದಿಗೆ ಇಲೆಕ್ಟ್ರಾನ್ ಕೂಡಬೇಕಾದ ಖಾಲಿ ಜಾಗಗಳು ಹೆಚ್ಚು. ವಿದ್ಯುತ್ ಹಾಯಿಸಿದರೆ ಎರಡೂ ನಡುವೆ ಬಂದು ಕೂಡುತ್ತವೆ, ಕೂಡುವಾಗ ಬೆಳಕು ಬಿಡುತ್ತವೆ. ಹರಳಿನ ಎರಡು ತುದಿಗಳು ಸ್ವಚ್ಛವಾಗಿ ಸೀಳಿಕೊಂಡಿರುವುದರಿಂದ ಕನ್ನಡಿಯ ಹಾಗೆ ಕೆಲಸ ಮಾಡುತ್ತವೆ. ಬೆಳಕು ಅವುಗಳ ನಡುವೆ ಹಿಂದೆ ಮುಂದೆ ಓಡಾಡಿ ಬಲಿಯುತ್ತದೆ. 1962ರಲ್ಲಿ ಅಮೇರಿಕದ ರಾಬರ್ಟ್ ಹಾಲ್ ಇದನ್ನು ಮೊದಲು ಮಾಡಿದರು. ಆದರೆ ಆ ಲೇಸರನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದ ಚಳಿಯಲ್ಲಿ ಇಡಬೇಕಾಗುತ್ತಿತ್ತು. ಕೋಣೆಯ ಶಾಖದಲ್ಲಿ ಎಡೆಬಿಡದೆ ಬೆಳಗುವ ಲೇಸರ್ ಬಂದದ್ದು 1970ರಲ್ಲಿ. ಲೆನಿನ್‌ಗ್ರಾಡಿನಲ್ಲಿ ಝೋರೆಸ್ ಅಲ್ಫೆರೋವ್ ಅವರ ಗುಂಪು ಮಾಡಿತು. ಅಮೇರಿಕದ ಬೆಲ್ ಪ್ರಯೋಗಾಲಯದಲ್ಲಿ ಇಜುವೊ ಹಯಾಶಿ ಮತ್ತು ಮಾರ್ಟನ್ ಪ್ಯಾನಿಶ್ ಮಾಡಿದರು. ಉಪಾಯ ನಮ್ಮ ತಾಯಂದಿರಿಗೆ ಗೊತ್ತಿರುವಂಥದೇ, ಹೋಳಿಗೆಯ ಉಪಾಯ. ಮೇಲೆ ಕೆಳಗೆ ಒಂದು ಬಗೆಯ ಅರೆವಾಹಕ, ನಡುವೆ ಹೂರಣವಾಗಿ ಇನ್ನೊಂದು ಬಗೆಯದು. ಇಲೆಕ್ಟ್ರಾನ್‌ಗಳು ಹೂರಣದಿಂದ ಆಚೆ ಹೋಗಲಾರವು, ಬೆಳಕೂ ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಸ್ವಲ್ಪ ವಿದ್ಯುತ್ತಿನಿಂದಲೇ ಕೆಲಸ ಆಗುತ್ತದೆ. ಇಂಥ ಹರಳಿನ ಉದ್ದ ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು, ಗಸಗಸೆ ಕಾಳಿಗಿಂತ ಚಿಕ್ಕದು.

ಈಗ ಹಲವು ಬಣ್ಣದ ಮಾತು. ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಗೆ ನೀವು ಹೋಗಿದ್ದರೆ, ಹಲಗೆಯ ಸಪ್ಪಳ ಮತ್ತು ಸನಾದಿಯ ದನಿ ಒಂದೇ ಗಾಳಿಯಲ್ಲಿ ಬಂದರೂ ಕಿವಿ ಅವನ್ನು ಬೇರೆ ಬೇರೆ ಮಾಡಿ ಕೇಳುತ್ತದೆ ಎಂಬುದನ್ನು ಬಲ್ಲಿರಿ. ಒಂದರ ದನಿ ದಪ್ಪ, ಒಂದರದು ಸಣ್ಣ. ಬೆಳಕಿಗೂ ಹಾಗೆಯೇ. ಎಳೆಯೊಳಗೆ ಬೇರೆ ಬೇರೆ ಬಣ್ಣದ, ಎಂದರೆ ಬೇರೆ ಬೇರೆ ತರಂಗಾಂತರದ ಬೆಳಕನ್ನು ಒಟ್ಟಿಗೆ ಬಿಟ್ಟರೆ ಒಂದು ಇನ್ನೊಂದನ್ನು ಕೆಡಿಸದೆ ಹೋಗುತ್ತವೆ. ಆ ಕಡೆ ಪಟ್ಟಕದಂಥ ಸಾಧನದಿಂದ ಬೇರ್ಪಡಿಸಿಕೊಳ್ಳಬಹುದು. ಪ್ರತಿ ಬಣ್ಣವೂ ತನ್ನದೇ ಸುದ್ದಿ ಹೊರುತ್ತದೆ. ದೂರದ ಊರುಗಳ ನಡುವಿನ ದೊಡ್ಡ ಮಾರ್ಗಗಳಲ್ಲಿ 40, 80 ಬಣ್ಣಗಳನ್ನು ಒಂದೇ ಎಳೆಯಲ್ಲಿ ಕಳಿಸುತ್ತಾರೆ. ಹೊಸ ತಗ್ಗು ತೋಡುವುದು ಬೇಡ, ಹೊಸ ಎಳೆ ಹಾಕುವುದು ಬೇಡ. ಬಣ್ಣ ಎಂದು ಅನುಕೂಲಕ್ಕೆ ಹೇಳುತ್ತೇನೆ. ಇವು ಕಣ್ಣಿಗೆ ಕಾಣದ ಅವರೋಹಿತ ಬೆಳಕು, 1300ರಿಂದ 1600 ನ್ಯಾನೋಮೀಟರ್ ಆಸುಪಾಸಿನವು.

ತೊಡಕು ಇಲ್ಲಿಂದಲೇ ಸುರು. 80 ಬಣ್ಣ ಬೇಕೆಂದರೆ 80 ಲೇಸರ್ ಬೇಕು. ಪ್ರತಿಯೊಂದೂ ತನ್ನ ಬಣ್ಣ ಬಿಟ್ಟು ಅಲುಗಬಾರದು. ಸಾದಾ ಲೇಸರ್ ಒಂದೇ ಬಣ್ಣ ಬಿಡುವುದಿಲ್ಲ, ಹತ್ತಿರ ಹತ್ತಿರದ ಹಲವು ಬಣ್ಣಗಳನ್ನು ಬಿಡುತ್ತದೆ. ಅದನ್ನು ಒಂದಕ್ಕೆ ಕಟ್ಟಿಹಾಕಲು ಹರಳಿನ ಉದ್ದಕ್ಕೂ ಗೀರುಗಳ ಸಾಲು ಕೊರೆಯುತ್ತಾರೆ. ಬೆಲ್ ಪ್ರಯೋಗಾಲಯದ ಕೋಗೆಲ್ನಿಕ್ ಮತ್ತು ಶ್ಯಾಂಕ್ 1970ರ ದಶಕದ ಆರಂಭದಲ್ಲಿ ತೋರಿಸಿದ ದಾರಿ ಇದು. ಇದಕ್ಕೆ ಡಿಎಫ್‌ಬಿ ಲೇಸರ್ ಎಂದು ಹೆಸರು. ಗೀರಿನಿಂದ ಗೀರಿಗೆ ಎಷ್ಟು ಅಂತರ ಇರಬೇಕು? ಲೆಕ್ಕ ಸರಳ, ಹತ್ತನೆಯ ಇಯತ್ತೆಯ ಮಗು ಮಾಡಬಲ್ಲದು. ತರಂಗಾಂತರವನ್ನು ಹರಳಿನ ವಕ್ರೀಭವನ ಸೂಚ್ಯಂಕದ ಎರಡರಷ್ಟರಿಂದ ಭಾಗಿಸಬೇಕು. 1550ನ್ನು 6.4ರಿಂದ ಭಾಗಿಸಿದರೆ ಸುಮಾರು 242 ನ್ಯಾನೋಮೀಟರ್. ಕೂದಲಿನ ಅಗಲದಲ್ಲಿ ಇಂಥ ಇನ್ನೂರೈವತ್ತಕ್ಕೂ ಹೆಚ್ಚು ಗೀರುಗಳು ಕೂಡುತ್ತವೆ.

ಗೀರು ಕೊರೆದರೂ ಒಂದು ವೈರಿ ಉಳಿಯುತ್ತಾನೆ. ಅವನ ಹೆಸರು ಬಿಸಿಲು. ಶಾಖ ಒಂದು ಡಿಗ್ರಿ ಏರಿದರೆ ಈ ಲೇಸರಿನ ಬಣ್ಣ ಸುಮಾರು 0.1 ನ್ಯಾನೋಮೀಟರ್ ಸರಿಯುತ್ತದೆ. ಕಡಿಮೆ ಎನಿಸಬಹುದು. ಆದರೆ ಒತ್ತಾಗಿ ಬಣ್ಣ ಜೋಡಿಸಿದ ವ್ಯವಸ್ಥೆಯಲ್ಲಿ ಒಂದು ಬಣ್ಣಕ್ಕೂ ಇನ್ನೊಂದಕ್ಕೂ ನಡುವೆ ಇರುವುದೇ 0.8 ನ್ಯಾನೋಮೀಟರ್. ಎಂಟು ಡಿಗ್ರಿ ಏರಿದರೆ ನಿಮ್ಮ ಬಣ್ಣ ನೆರೆಯವನ ಮನೆಯೊಳಗೆ ಹೋಗಿ ಕೂತಿತು. ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಚಳಿಗಾಲದ ಮುಂಜಾನೆಗೂ ಮೇ ತಿಂಗಳ ನಡುಮಧ್ಯಾಹ್ನಕ್ಕೂ 30 ಡಿಗ್ರಿ ಅಂತರ ಸಹಜ. ಹಾಗಾದರೆ ಬಣ್ಣ 3 ನ್ಯಾನೋಮೀಟರ್ ಸರಿದು ಮೂರ್ನಾಲ್ಕು ಮನೆ ದಾಟಿ ಹೋಗುತ್ತದೆ. ಇದನ್ನು ತಡೆಯಲು ಲೇಸರಿನ ಕೆಳಗೆ ವಿದ್ಯುತ್ತಿನಿಂದ ತಂಪು ಮಾಡುವ ಬಿಲ್ಲೆ ಇಟ್ಟು, ಶಾಖ ಅಳೆಯುವ ಸಾಧನ ಇಟ್ಟು, ಎಲ್ಲವನ್ನೂ ಬಿಗಿಯಾದ ಡಬ್ಬಿಯಲ್ಲಿ ಮುಚ್ಚಬೇಕು. ತಂಪು ಮಾಡುವ ಬಿಲ್ಲೆ ಎಷ್ಟೋ ಸಲ ಲೇಸರಿಗಿಂತ ಹೆಚ್ಚು ವಿದ್ಯುತ್ ತಿನ್ನುತ್ತದೆ. ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ, ಬ್ಯಾಟರಿಯ ಮೇಲೆ ನಡೆಯಬೇಕಾದ ಪೆಟ್ಟಿಗೆಯಲ್ಲಿ ಇದು ದುಬಾರಿ ಅತಿಥಿ.

ಇನ್ನೊಂದು ಸಂಗತಿ ಕೇಳಿದರೆ ನಿಮಗೆ ಸೋಜಿಗವಾದೀತು. ಲೇಸರ್ ಹರಳು ತಾನಾಗಿ ಅಷ್ಟು ತುಟ್ಟಿಯಲ್ಲ. ಅಂಗೈಗಿಂತ ಚಿಕ್ಕ ಬಿಲ್ಲೆಯಿಂದ ಸಾವಿರಾರು ಹರಳು ಸೀಳಿಕೊಳ್ಳುತ್ತಾರೆ. ಖರ್ಚು ಬರುವುದು ಡಬ್ಬಿಗೆ, ಪರೀಕ್ಷೆಗೆ, ಜೋಡಣೆಗೆ. 9 ಮೈಕ್ರಾನಿನ ತಿರುಳಿನ ನೇರಕ್ಕೆ ಲೇಸರನ್ನು ಒಂದು ಮೈಕ್ರಾನ್ ಆಚೀಚೆ ಆಗದಂತೆ ಕೂಡಿಸಿ ಬೆಸೆಯಬೇಕು. ಸೂಜಿಗೆ ದಾರ ಪೋಣಿಸುವ ಕಷ್ಟ ನಿಮಗೆ ಗೊತ್ತು. ಇದು ಅದಕ್ಕಿಂತ ನೂರು ಪಟ್ಟು ಸೂಕ್ಷ್ಮ. ಹಾಗಾಗಿ ಅಗ್ಗದ ಲೇಸರ್ ಮಾಡುವವನ ಬುದ್ಧಿ ಓಡಬೇಕಾದದ್ದು ಹರಳಿನ ಸುತ್ತಲಿನ ಈ ಖರ್ಚನ್ನು ಹೇಗೆ ಕಳೆಯಬೇಕು ಎಂಬಲ್ಲಿ.

ನನಗೆ ಬಹಳ ಮೆಚ್ಚುಗೆಯಾದ ಉಪಾಯ ಬಣ್ಣಗಳನ್ನು ದೂರ ದೂರ ಕೂಡಿಸುವುದು. 0.8 ನ್ಯಾನೋಮೀಟರ್ ಬಿಟ್ಟು 20 ನ್ಯಾನೋಮೀಟರ್ ಅಂತರ ಕೊಟ್ಟರೆ, 1271ರಿಂದ 1611ರವರೆಗೆ 18 ಬಣ್ಣ ಮಾತ್ರ ಹಿಡಿಯುತ್ತವೆ. ಆದರೆ ಪ್ರತಿ ಬಣ್ಣಕ್ಕೂ ಸುಮಾರು 13 ನ್ಯಾನೋಮೀಟರ್ ಅಗಲದ ಅಂಗಳ ಸಿಗುತ್ತದೆ. ಬಿಸಿಲಿಗೆ 3 ಅಲ್ಲ, 6 ನ್ಯಾನೋಮೀಟರ್ ಸರಿದರೂ ತನ್ನ ಅಂಗಳದಲ್ಲೇ ಉಳಿಯುತ್ತದೆ. ತಂಪಿನ ಬಿಲ್ಲೆ ಬೇಡ, ಅದರ ವಿದ್ಯುತ್ ಬೇಡ, ಡಬ್ಬಿ ಸಣ್ಣದಾಗುತ್ತದೆ. ಇದಕ್ಕೆ ಸಿಡಬ್ಲ್ಯೂಡಿಎಂ ಎನ್ನುತ್ತಾರೆ. ಅಂತರರಾಷ್ಟ್ರೀಯ ದೂರಸಂಪರ್ಕ ಸಂಘದ ನಿಯಮದಲ್ಲಿ ಇದಕ್ಕೆ ಜಾಗ ಉಂಟು. ಶಾಖದೊಡನೆ ಗುದ್ದಾಡದೆ ಅದಕ್ಕೆ ಓಡಾಡಲು ಜಾಗ ಕೊಟ್ಟುಬಿಟ್ಟರು! ಬೆಳಕು ಬಹಳ ದೂರ ಹೋಗುವುದಾದರೆ ಇದು ನಡೆಯದು. ನಡುದಾರಿಯಲ್ಲಿ ಬೆಳಕಿಗೆ ಬಲ ಕೊಡುವ ಎರ್ಬಿಯಂ ಎಳೆ, 1987ರಲ್ಲಿ ಇಂಗ್ಲೆಂಡಿನ ಸೌಥಾಂಪ್ಟನ್‌ನಲ್ಲಿ ಡೇವಿಡ್ ಪೇನ್ ಮತ್ತು ಸಂಗಡಿಗರು ಕಂಡುಕೊಂಡದ್ದು, 1550ರ ಸುತ್ತಲಿನ ಬಣ್ಣಗಳಿಗೆ ಮಾತ್ರ ಬಲ ಕೊಡುತ್ತದೆ. ಆದರೆ ಪಟ್ಟಣದೊಳಗೆ, ಒಂದು ತಾಲೂಕಿನೊಳಗೆ ಅಷ್ಟು ದೂರ ಎಲ್ಲಿದೆ?

ಬೇರೆ ಉಪಾಯಗಳೂ ಇವೆ. ಹೂರಣದಲ್ಲಿ ರಂಜಕದ ಬದಲು ಅಲ್ಯೂಮಿನಿಯಂ ಹಾಕಿದರೆ ಬಿಸಿಯಲ್ಲಿಯೂ ಇಲೆಕ್ಟ್ರಾನ್‌ಗಳು ಆಚೆ ಹಾರದೆ ನಿಲ್ಲುತ್ತವೆ. ಟೋಕಿಯೊದ ಕೆನಿಚಿ ಇಗಾ 1977ರಲ್ಲಿ ಲೇಸರನ್ನೇ ಎಬ್ಬಿಸಿ ನಿಲ್ಲಿಸುವ ವಿಚಾರ ಮಾಡಿದರು. ಬೆಳಕು ಅಂಚಿನಿಂದ ಬರದೆ ಮೇಲ್ಮೈಯಿಂದ ಬರುವ ಹಾಗೆ. ಅಂಥ ಲೇಸರನ್ನು ಬಿಲ್ಲೆಯಿಂದ ಬಿಡಿಸುವ ಮೊದಲೇ ಪರೀಕ್ಷಿಸಬಹುದು, ಕೆಟ್ಟದ್ದನ್ನು ಡಬ್ಬಿಗೆ ಹಾಕುವ ಮೊದಲೇ ಬಿಸಾಡಬಹುದು. ಕಂಪ್ಯೂಟರಿನ ಕೆಲವು ಮೌಸುಗಳಲ್ಲಿ, ಮುಖ ನೋಡಿ ತೆರೆದುಕೊಳ್ಳುವ ಕೆಲವು ಮೊಬೈಲುಗಳಲ್ಲಿ ಈಗ ಇರುವುದು ಇದೇ. ದೂರ ಹೋಗುವ ಬಣ್ಣಗಳಲ್ಲಿ ಇದನ್ನು ಮಾಡುವುದು ಮಾತ್ರ ಇನ್ನೂ ಕಷ್ಟದ ಕೆಲಸ. ಮತ್ತೊಂದು ದಾರಿ, ಹಲವು ಲೇಸರುಗಳನ್ನು ಒಂದೇ ಹರಳಿನ ಮೇಲೆ ಸಾಲಾಗಿ ಕೂಡಿಸಿ ಒಂದೇ ಡಬ್ಬಿಗೆ ಹಾಕುವುದು. ಸಿಲಿಕಾನ್ ಅಗ್ಗ, ಆದರೆ ಅದು ತಾನಾಗಿ ಬೆಳಗದು. ಆದ್ದರಿಂದ ಬೆಳಗುವ ಹರಳನ್ನು ಅದರ ಮೇಲೆ ಅಂಟಿಸಿ ಮಾಡಿದ ಲೇಸರನ್ನು 2006ರಲ್ಲಿ ಇಂಟೆಲ್ ಮತ್ತು ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾ ವಿಶ್ವವಿದ್ಯಾಲಯದವರು ತೋರಿಸಿದರು.

ಇದೆಲ್ಲ ಬೇರೆ ದೇಶದ ಮಾತು ಎನ್ನಬೇಡಿರಿ. ಗ್ರಾಮ ಪಂಚಾಯತಿಗಳಿಗೆ ಗಾಜಿನ ಎಳೆ ಮುಟ್ಟಿಸುವ ಯೋಜನೆಗೆ ಕೇಂದ್ರ ಸರಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ದೇಶದ ಸುಮಾರು ಎರಡೂವರೆ ಲಕ್ಷ ಪಂಚಾಯತಿಗಳ ಲೆಕ್ಕ. ಅದರಲ್ಲಿ ಬಳಸಿದ ಜಿಪಾನ್ ಪದ್ಧತಿಯಲ್ಲಿ ಒಂದೇ ಎಳೆಯಲ್ಲಿ ಎರಡು ಬಣ್ಣ ಎದುರುಬದುರು ಓಡಾಡುತ್ತವೆ. ತಾಲೂಕಿನಿಂದ ಊರಿಗೆ ಬರುವುದು 1490, ಊರಿನಿಂದ ಹೋಗುವುದು 1310. ವಿನ್ಯಾಸ ಮಾಡಿದವರ ಜಾಣತನ ನೋಡಿರಿ: ತಾಲೂಕಿನ ಕಡೆಯ ಲೇಸರ್ ಒಂದೇ, ಹಲವು ಊರಿಗೆ ಪಾಲು; ಅದು ತುಟ್ಟಿಯಾದರೂ ನಡೆದೀತು. ಊರ ಕಡೆಯದು ಪ್ರತಿ ಪೆಟ್ಟಿಗೆಗೂ ಒಂದೊಂದು. ಅದು ಅಗ್ಗವೇ ಇರಬೇಕು. ಆದ್ದರಿಂದ ತಾಲೂಕಿನ ಬಣ್ಣಕ್ಕೆ 20 ನ್ಯಾನೋಮೀಟರ್ ಜಾಗ, ಊರಿನ ಬಣ್ಣಕ್ಕೆ 1260ರಿಂದ 1360ರವರೆಗೆ ನೂರು ನ್ಯಾನೋಮೀಟರ್ ಜಾಗ ಎಂದು ಮೊದಲಿಗೆ ನಿಯಮ ಮಾಡಿದರು. ಮುಂದೆ ನಾಲ್ಕು ಬಣ್ಣಗಳ ಪದ್ಧತಿಯೊಂದು ಬಂತು. ಅದಕ್ಕೆ ಮನೆಮನೆಯಲ್ಲಿ ಬಣ್ಣ ಬದಲಿಸಬಲ್ಲ ಲೇಸರ್ ಬೇಕಾಯಿತು. ಅದರ ಬೆಲೆ ಇಳಿಯಲಿಲ್ಲ. ಕಂಪನಿಗಳು ಬಹುತೇಕ ಸರಳವಾದ ಇನ್ನೊಂದು ಪದ್ಧತಿಯ ಕಡೆಗೆ ಹೊರಳಿದವು. ಅಗ್ಗದ ಲೇಸರ್ ಇಲ್ಲದೆ ಒಳ್ಳೆಯ ವಿಚಾರವೂ ಮೂಲೆಗೆ ಬೀಳುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಬೆಂಗಳೂರಿನಲ್ಲಿ 2000ದಲ್ಲಿ ಸುರುವಾದ ತೇಜಸ್ ನೆಟ್‌ವರ್ಕ್ಸ್ ಇಂಥ ಬಹುವರ್ಣ ಸಂಪರ್ಕದ ಯಂತ್ರಗಳನ್ನು ವಿನ್ಯಾಸ ಮಾಡುತ್ತದೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಕುಮಾರ್ ಶಿವರಾಜನ್ ಈ ವಿಷಯದ ಮೇಲೆ ಸಂಗಡಿಗರೊಡನೆ ಬರೆದ ಪುಸ್ತಕ ಹೊರದೇಶದ ಕಾಲೇಜುಗಳಲ್ಲಿಯೂ ಪಾಠವಾಗಿದೆ. ಸರಕಾರದ ಸಿ-ಡಾಟ್ ಸಂಸ್ಥೆ ಜಿಪಾನ್ ಯಂತ್ರವನ್ನು ನಮ್ಮಲ್ಲಿಯೇ ರೂಪಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿಲಿಕಾನಿನ ಮೇಲೆ ಬೆಳಕು ನಡೆಸುವ ಸಂಶೋಧನೆ ನಡೆದಿದೆ. ಯಂತ್ರ ನಮ್ಮದಾದರೂ ಒಳಗಿನ ಲೇಸರ್ ಹರಳು ಬಹುಮಟ್ಟಿಗೆ ಹೊರಗಿನಿಂದಲೇ ಬರುತ್ತದೆ. ಆ ಕೆಲಸ ಇನ್ನೂ ನಮ್ಮವರ ಕೈಗಾಗಿ ಕಾದಿದೆ. ಅದನ್ನು ಮಾಡುವವರು ಬಾರಾಮತಿಯಲ್ಲಿ ಹುಟ್ಟಬಾರದೇ, ಕರಜಗಿಯಲ್ಲಿ ಹುಟ್ಟಬಾರದೇ? ಬಾರಾಮತಿಯಲ್ಲಂತೂ ಒಬ್ಬರು ಹುಟ್ಟಿದ್ದಾರೆ. ಪುಣೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಬೆಲ್ ಪ್ರಯೋಗಾಲಯದಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರನ್ನು ಕಂಡುಹಿಡಿದ ಸಿ. ಕುಮಾರ್ ಪಟೇಲ್.

ಭಾಷೆಯ ಪ್ರಶ್ನೆಗೆ ಬರೋಣ. ಅಲ್ಫೆರೋವ್ ಶಾಲೆ ಕಲಿತದ್ದು ರಷ್ಯನ್ ಭಾಷೆಯಲ್ಲಿ. ಇಗಾ, ಹಯಾಶಿ ಕಲಿತದ್ದು ಜಪಾನಿಯಲ್ಲಿ. ಇಂಗ್ಲಿಷ್ ಅವರಿಗೆ ಆಮೇಲೆ ಬಂತು, ಜಗತ್ತಿಗೆ ಹೇಳಲು ಬೇಕಾದಾಗ ಬಂತು. ನಮ್ಮ ಮಕ್ಕಳಿಗೂ ಇಂಗ್ಲಿಷ್ ಬೇಕು. ಬೇಡ ಎನ್ನುವ ಗುರುಗಳ ಮಾತು ಕೇಳಬೇಡಿರಿ. ಆದರೆ ವಕ್ರೀಭವನ ಏನೆಂದು ತಿಳಿದ ಮಗುವಿಗೆ ರಿಫ್ರ್ಯಾಕ್ಷನ್ ಎಂಬ ಶಬ್ದ ಒಂದು ದಿನದ ಕೆಲಸ. ಶಬ್ದ ಬಾಯಿಪಾಠ ಮಾಡಿ ವಿಷಯ ತಿಳಿಯದ ಮಗುವಿಗೆ ಹತ್ತು ವರ್ಷವೂ ಸಾಲದು. ಆದ್ದರಿಂದ ಎಂಟನೆಯ ಇಯತ್ತೆಯಿಂದಲೇ ಮಕ್ಕಳು ವಿಜ್ಞಾನದ ವಹಿಯಲ್ಲಿ ಎರಡೂ ಶಬ್ದಗಳನ್ನು ಬದಿಬದಿಗೆ ಬರೆದುಕೊಳ್ಳಲಿ. ಹತ್ತನೆಯ ನಂತರ ಅಕ್ಕಲಕೋಟೆಗೆ ಹೋಗಲಿ, ಸೊಲ್ಲಾಪುರಕ್ಕೆ ಹೋಗಲಿ, ಗಡಿ ದಾಟಿ ಇಂಡಿಗೋ ಕಲಬುರಗಿಗೋ ಹೋಗಲಿ, ಆ ವಹಿ ಜೊತೆಗಿರಲಿ.

ಇನ್ನೊಂದು ಕಷ್ಟ ನಮಗೆ ಮಾತ್ರ ಇರುವಂಥದು. ನಮ್ಮ ಮಕ್ಕಳ ಪುಸ್ತಕ ಪುಣೆಯ ಬಾಲಭಾರತಿಯದು, ಕನ್ನಡದಲ್ಲಿ ಅಚ್ಚಾದದ್ದು. ಕರ್ನಾಟಕದಲ್ಲಿ ಕನ್ನಡದ ವಿಜ್ಞಾನ ಪಾಠಗಳ ವಿಡಿಯೊ ಬೇಕಾದಷ್ಟು ಸಿಗುತ್ತವೆ, ಆದರೆ ಅವು ಅಲ್ಲಿಯ ಪಠ್ಯಕ್ರಮಕ್ಕೆ ಮಾಡಿದವು. ಅಧ್ಯಾಯಗಳ ಕ್ರಮ ಬೇರೆ, ಕೆಲವು ಶಬ್ದಗಳೂ ಬೇರೆ. ಮಹಾರಾಷ್ಟ್ರದ ಪಠ್ಯಕ್ಕೆ ಹೊಂದುವ ವಿಡಿಯೊ ಸಿಕ್ಕರೆ ಅದು ಹೆಚ್ಚಾಗಿ ಮರಾಠಿಯಲ್ಲಿ. ಎಳೆ ಊರಿಗೆ ಬಂದರೂ ಎಳೆಯೊಳಗೆ ನಮ್ಮ ಮಗುವಿನ ಪಾಠ ಬಾರದಿದ್ದರೆ 1490 ನ್ಯಾನೋಮೀಟರಿನ ಬೆಳಕಿನಿಂದ ನಮಗೆ ಏನು ಬಂದಂತಾಯಿತು? ಇದನ್ನು ಕೇಳಬೇಕಾದವರು ಪಾಲಕರು. ಗುರುಗಳು ಕೇಳಿದರೆ ಅರ್ಜಿ, ನೀವು ಕೇಳಿದರೆ ಹಕ್ಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ: ಪಂಚಾಯತಿಯ ಪೆಟ್ಟಿಗೆಯಲ್ಲಿ ದೀಪ ಹತ್ತಿದೆಯೇ, ಅಲ್ಲಿಂದ ಶಾಲೆಗೆ ತಂತಿ ಎಳೆದಿದ್ದಾರೆಯೇ, ಎಳೆಯದಿದ್ದರೆ ಯಾವಾಗ ಎಳೆಯುತ್ತಾರೆ. ಉತ್ತರವನ್ನು ಠರಾವಿನ ಪುಸ್ತಕದಲ್ಲಿ ಬರೆಸಿರಿ. ಶಾಲೆ ವ್ಯವಸ್ಥಾಪನ ಸಮಿತಿಯಲ್ಲಿ ಕನ್ನಡದ ಡಿಜಿಟಲ್ ಪಾಠಗಳಿಗಾಗಿ ಠರಾವು ಮಾಡಿ ಮೇಲಿನವರಿಗೆ ಕಳಿಸಿರಿ. ಒಂದು ಪ್ರತಿ ನಮ್ಮ ಈ ಪತ್ರಿಕೆಗೂ ಕಳಿಸಿರಿ.

ಕೊನೆಗೆ ಒಂದು ಎಚ್ಚರಿಕೆಯ ಮಾತು. ತಗ್ಗು ತೋಡುವಾಗ ಕೇಬಲ್ ಹರಿದು ಬಿದ್ದಿರುತ್ತದೆ. ಮಕ್ಕಳು ಎಳೆಯನ್ನು ಹಿಡಿದು ಕಣ್ಣಿನ ಹತ್ತಿರ ತರುತ್ತಾರೆ. ಒಳಗೆ ಬೆಳಕು ಇದ್ದರೂ ಕಣ್ಣಿಗೆ ಕಾಣುವುದಿಲ್ಲ, ಕತ್ತಲೆ ಎಂದೇ ತೋರುತ್ತದೆ. ಟಿವಿ ರಿಮೋಟಿನ ಕಾಣದ ಬೆಳಕನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡಬಹುದು; ಈ ಎಳೆಯ ಬೆಳಕು ಆ ಕ್ಯಾಮೆರಾಕ್ಕೂ ಸಿಗದು. ಎಳೆಯ ತುದಿಗೆ ಕಣ್ಣು ಹಚ್ಚಬಾರದು, ಗಾಜಿನ ಚೂರು ಬೆರಳಿಗೆ ಚುಚ್ಚಿದರೆ ಹೊರಗೆ ತೆಗೆಯುವುದು ಕಷ್ಟ ಎಂದು ಮನೆಯಲ್ಲಿ ಹೇಳಿಡಿರಿ.

ಈಗ ಆಚೆಯ ಕೋಣೆಯಲ್ಲಿ ಎಂಟನೆಯ ಇಯತ್ತೆಯ ಮಕ್ಕಳು ಒಂದು ಪ್ರಯೋಗ ತೋರಿಸುತ್ತಾರೆ. ಪ್ಲಾಸ್ಟಿಕ್ ಬಾಟಲಿಗೆ ತೂತು ಹಾಕಿ, ನೀರು ಬಾಗಿ ಬೀಳುವಾಗ ಬೆಳಕೂ ನೀರಿನ ಜೊತೆ ಬಾಗಿ ಹೋಗುವುದನ್ನು. ಲೇಸರ್ ಟಾರ್ಚ್ ಗುರುಗಳ ಕೈಯಲ್ಲಿಯೇ ಇರುತ್ತದೆ. ವಿವರಣೆ ಮಕ್ಕಳೇ ಕನ್ನಡದಲ್ಲಿ ಕೊಡುತ್ತಾರೆ. ಪ್ರಶ್ನೆ ನೀವು ಕೇಳಿರಿ.